ಕೊಟ್ಟಿಗೆಯ ದೀಪಕ್ಕೂ ಲೆಕ್ಕ ಇರಲಿ

ಹೈನುಗಾರ ಸಹೋದರಿಯರೇ, ಬೆಳಗಿನ ಐದು ಗಂಟೆಗೆ ಹಾಲು ಕರೆಯಲು ಕೂತಾಗ ಹಸುವಿನ ಕೆಚ್ಚಲು ನಿಮಗೆ ಸ್ಪಷ್ಟವಾಗಿ ಕಾಣುತ್ತದೆಯೇ? ಮನೆಯೊಳಗೆ ಎಲ್‌ಇಡಿ ಬಲ್ಬ್ ಹಾಕಿಸಿ, ಕೊಟ್ಟಿಗೆಗೆ ಹಳೆಯ ಗುಂಡು ಬಲ್ಬೇ ಸಾಕು ಎಂದು ಬಿಟ್ಟವರು ಇನ್ನೂ ಇದ್ದಾರೆ.

ಗುಂಡು ಬಲ್ಬಿನಲ್ಲಿ ತಂತಿ ಕಾದು ಕೆಂಪಾದ ಮೇಲೆ ಬೆಳಕು ಬರುತ್ತದೆ. ಹೀಗಾಗಿ ಹೆಚ್ಚಿನ ವಿದ್ಯುತ್ ಶಾಖವಾಗಿಯೇ ಹೋಗುತ್ತದೆ. 60 ವ್ಯಾಟ್ ಗುಂಡು ಬಲ್ಬ್ ಕೊಡುವಷ್ಟು ಬೆಳಕನ್ನು 9 ವ್ಯಾಟ್‌ನ ಎಲ್‌ಇಡಿ ಕೊಡುತ್ತದೆ. ಬೆಳಿಗ್ಗೆ ಸಂಜೆ ಸೇರಿ ದಿನಕ್ಕೆ 5 ಗಂಟೆ ಉರಿದರೆ, ಗುಂಡು ಬಲ್ಬಿಗೆ ತಿಂಗಳಿಗೆ 9 ಯೂನಿಟ್, ಎಲ್‌ಇಡಿಗೆ ಒಂದೂವರೆ ಯೂನಿಟ್‌ಗಿಂತ ಕಡಿಮೆ. ಒಂದು ಬಲ್ಬಿನಿಂದಲೇ ವರ್ಷಕ್ಕೆ 90 ಯೂನಿಟ್‌ಗೂ ಹೆಚ್ಚು ಉಳಿತಾಯ.

‘ಗೃಹಜ್ಯೋತಿ ಇದೆಯಲ್ಲ, ಕರೆಂಟ್ ಬಿಟ್ಟಿ’ ಎನ್ನಬೇಡಿ. ಕೊಟ್ಟಿಗೆಯ ದೀಪ ಮನೆಯ ಮೀಟರಿನಲ್ಲೇ ಇದ್ದರೆ ಆ ಯೂನಿಟ್‌ಗಳೂ ಲೆಕ್ಕಕ್ಕೆ ಬರುತ್ತವೆ. ನಿಮಗೆ ನಿಗದಿಯಾದ ಮಿತಿ ಮೀರಿದರೆ ಹೆಚ್ಚುವರಿಗೆ ಹಣ ಕಟ್ಟಬೇಕು; ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮದೇ.

ಒಳ್ಳೆಯ ಬೆಳಕಿನ ಲಾಭ ಹಾಲಿನಲ್ಲೂ ಇದೆ. ಮೊದಲ ಮೂರು ನಾಲ್ಕು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಕರೆದು ನೋಡಿ. ಗಡ್ಡೆ, ನೀರಿನಂಥ ಹಾಲು ಅಥವಾ ರಕ್ತ ಕಂಡರೆ ಕೆಚ್ಚಲು ಬಾವು ಎಂದು ಅನುಮಾನಿಸಿ, ಆ ಹಾಲನ್ನು ಕ್ಯಾನಿಗೆ ಸೇರಿಸದೆ ಪಶುವೈದ್ಯರಿಗೆ ತಿಳಿಸಿ. ಮಬ್ಬು ಬೆಳಕಿನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ರಾತ್ರಿ ಕರು ಹಾಕುವಾಗಲೂ ಬೆಳಕು ಬೇಕೇ ಬೇಕು. ಕರೆಂಟ್ ಹೋಗುವ ಊರಾದರೆ ಬ್ಯಾಟರಿ ಇರುವ ಎಲ್‌ಇಡಿ ಬಲ್ಬ್ ಒಂದಿರಲಿ.

ಹಾಕಿಸುವಾಗ ಗಮನಿಸಿ:

• ಪೆಟ್ಟಿಗೆಯ ಮೇಲೆ ಬಿಐಎಸ್ ಗುರುತು, ಸ್ಟಾರ್ ಗುರುತು, ವಾರಂಟಿ ನೋಡಿ. ಬಿಲ್ ಎತ್ತಿಡಿ.

• ನಿಮ್ಮ ನೆರಳು ಕೆಚ್ಚಲ ಮೇಲೆ ಬೀಳದಂತೆ, ಹಾಲು ಕರೆಯುವ ಬದಿಗೆ ಬಲ್ಬ್ ಇರಲಿ. ಹಸುವಿನ ಕೊಂಬಿಗೆ, ಬಾಯಿಗೆ ವೈರ್ ಸಿಗಬಾರದು.

• ಶಾಖ ಹೊರಹೋಗದಿದ್ದರೆ ಎಲ್‌ಇಡಿ ಬೇಗ ಕೆಡುತ್ತದೆ. ಪ್ಲಾಸ್ಟಿಕ್ ಸುತ್ತಬೇಡಿ.

• ಸ್ವಿಚ್ ಆಫ್ ಮಾಡಿ, ಬಲ್ಬಿನ ದೂಳು, ಜೇಡರಬಲೆಯನ್ನು ಒಣಬಟ್ಟೆಯಿಂದ ಒರೆಸಿ. ಗೋಡೆಗೆ ಸುಣ್ಣ ಬಳಿದರೆ ಅದೇ ಬಲ್ಬಿನಲ್ಲಿ ಕೊಟ್ಟಿಗೆ ಇನ್ನಷ್ಟು ಬೆಳಗುತ್ತದೆ.

ಕೆಟ್ಟ ಬಲ್ಬನ್ನು ಮಾತ್ರ ತಿಪ್ಪೆಗೆ ಎಸೆಯಬೇಡಿ. ಟ್ಯೂಬ್‌ಲೈಟಿನಲ್ಲಿ ಪಾದರಸ ಇರುತ್ತದೆ. ಎಲ್‌ಇಡಿಯಲ್ಲಿ ಅದಿಲ್ಲ, ಆದರೆ ಲೋಹ, ಪ್ಲಾಸ್ಟಿಕ್ ಇದೆ. ಗೊಬ್ಬರದೊಂದಿಗೆ ಹೊಲ ಸೇರಿದ ಚೂರು ಮೇವಿನ ಜೊತೆ ಹಸುವಿನ ಹೊಟ್ಟೆಗೇ ಬರಬಹುದು. ಬೇರೆಯಾಗಿ ಎತ್ತಿಟ್ಟು, ಪಂಚಾಯಿತಿಯ ಕಸದ ಗಾಡಿ ಬಂದಾಗ ಒಣಕಸಕ್ಕೆ ಬೆರೆಸದೆ ಹೇಳಿ ಕೊಡಿ.