ಸೆರೆಮನೆಯೇ ಲೇಸೆಂದ ರಖಮಾಬಾಯಿ

“ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೆಂದೋ, ತೌರಿಗೆ ಹೊರಡುವ ದಿನ ಮುಂದೆ ಹೋಯಿತೆಂದೋ ಹುಟ್ಟುವ ಮುನಿಸಿಗೆ ಈ ಮಾತು ಸೊಗಸಾಗಿ ಒಪ್ಪುತ್ತದೆ. ಅಂಥ ಜಗಳದಲ್ಲಿ ಮೂರನೆಯವರು ತಲೆಹಾಕುವುದು ಅವಿವೇಕವೇ ಸರಿ. ಆದರೆ ಈ ಗಾದೆಯನ್ನು ನಾನು ಮರೆಯಲಾರದಂತೆ ಕೇಳಿದ್ದು ಬೇರೊಂದು ಸಂದರ್ಭದಲ್ಲಿ.

ಆಗತಾನೆ ಅಧ್ಯಾಪಕನಾಗಿ ಸೇರಿದ್ದ ದಿನಗಳು. ಒಂದು ವಠಾರದಲ್ಲಿ ಬಾಡಿಗೆಗಿದ್ದೆ. ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಅದರ ಬೆನ್ನಿಗೇ ಹೆಣ್ಣಿನ ಚೀರು. ನಾನು ಎದ್ದು ಅಗುಳಿ ತೆಗೆದು ಹೊರಗೆ ಬರುವಷ್ಟರಲ್ಲಿ, ಎದುರು ಮನೆಯ ಹಿರಿಯರು ತಮ್ಮ ಬಾಗಿಲಿನಿಂದಲೇ ಕೈಯಾಡಿಸಿ, “ಒಳಗೆ ಹೋಗಿ ಮಲಗಿ ಮೇಷ್ಟ್ರೇ. ಗಂಡ ಹೆಂಡಿರ ಜಗಳ, ಉಂಡು ಮಲಗುವ ತನಕ” ಎಂದರು. ನಾನು ಹೋಗಿ ಮಲಗಿದೆ. ಮರುದಿನ ನಲ್ಲಿಯ ಬಳಿ ಆ ಹೆಣ್ಣುಮಗಳು ಕೊಡ ಹಿಡಿದು ನಿಂತಿದ್ದಳು. ಸೆರಗು ಕೆನ್ನೆಯನ್ನು ಮುಚ್ಚಿತ್ತು. ನೀರಿಗೆ ಬಂದವರಲ್ಲಿ ಯಾರೂ ಏನನ್ನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಎರಡು ತಿಂಗಳಲ್ಲಿ ಆ ಸಂಸಾರ ಮನೆ ಖಾಲಿ ಮಾಡಿಕೊಂಡು ಹೋಯಿತು.

ಮನೆಯೊಳಗಿನ ಮಾತು ಮನೆಯೊಳಗೇ ಇರಬೇಕೆಂಬ ಈ ನೀತಿಯನ್ನು, ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, ಮುಂಬಯಿಯ ಒಬ್ಬ ತರುಣಿ ತುಂಬಿದ ನ್ಯಾಯಾಲಯದಲ್ಲಿ ಪ್ರಶ್ನಿಸಿದಳು. ಆ ತರುಣಿಯ ಕಥೆಯನ್ನು ನಮ್ಮ ಮನೆಗಳಲ್ಲಿ ಇಂದಿಗೂ ಓದಿ ಹೇಳಬೇಕಾಗಿದೆ.

ಹನ್ನೊಂದನೆಯ ವಯಸ್ಸಿನ ಮದುವೆ

ರಖಮಾಬಾಯಿ ಹುಟ್ಟಿದ್ದು 1864ರಲ್ಲಿ. ಆಕೆ ಎಳೆಯ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಜಯಂತಿಬಾಯಿ ಹದಿಹರೆಯದಲ್ಲೇ ವಿಧವೆಯಾದಳು. ಅವರದು ಬಡಗಿಗಳ ಕುಲವಾದ್ದರಿಂದ ವಿಧವೆಯ ಮರುಮದುವೆಗೆ ಅಡ್ಡಿಯಿರಲಿಲ್ಲ. ಕೆಲವು ವರ್ಷಗಳ ಮೇಲೆ ಜಯಂತಿಬಾಯಿ ಡಾಕ್ಟರ್ ಸಖಾರಾಮ ಅರ್ಜುನರ ಕೈಹಿಡಿದಳು. ಸಖಾರಾಮರು ಹೆಸರಾಂತ ವೈದ್ಯರು, ಸಸ್ಯಶಾಸ್ತ್ರಜ್ಞರು, ಸುಧಾರಣೆಯ ಪಕ್ಷಪಾತಿಗಳು.

ಹೀಗಿದ್ದೂ ಆ ಮನೆ ಕಾಲದ ರೂಢಿಯನ್ನು ಮೀರಲಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ರಖಮಾಬಾಯಿಯನ್ನು ಹತ್ತೊಂಬತ್ತರ ದಾದಾಜಿ ಭಿಕಾಜಿಗೆ ಕೊಟ್ಟು ಮದುವೆ ಮಾಡಿದರು. ಅಳಿಯನು ಮಾವನ ಮನೆಯಲ್ಲೇ ಇದ್ದು ವಿದ್ಯೆ ಕಲಿತು ಮುಂದೆ ಬರಬೇಕೆಂಬುದು ಒಪ್ಪಂದವಾಗಿತ್ತು. ದಾದಾಜಿಗೆ ಓದು ಹಿಡಿಸಲಿಲ್ಲ. ಅವನು ಆ ಮನೆ ಬಿಟ್ಟು ತನ್ನ ಸೋದರಮಾವನ ಮನೆ ಸೇರಿದನು. ಬಾಲೆ ಮೈನೆರೆದಾಗ, ಇಷ್ಟು ಎಳೆಯ ವಯಸ್ಸಿನಲ್ಲಿ ಸಹವಾಸ ಕೂಡದೆಂದು ವೈದ್ಯರಾದ ಸಖಾರಾಮರು ತಡೆದರು. ವರ್ಷಗಳು ಕಳೆದವು. ಶಾಲೆ ಬಿಡಿಸಿದ್ದರೂ ರಖಮಾಬಾಯಿ ಮನೆಯಲ್ಲೇ ಕುಳಿತು ಪುಸ್ತಕಗಳನ್ನು ಓದಿ ಬೆಳೆದಳು. ಗಂಡನೆನಿಸಿಕೊಂಡವನ ಜೊತೆಯಲ್ಲಿ ಬಾಳುವುದು ತನ್ನಿಂದ ಆಗದೆಂಬುದು ಆಕೆಗೆ ಮನದಟ್ಟಾಯಿತು.

1884ರಲ್ಲಿ ದಾದಾಜಿ ಮುಂಬಯಿ ಹೈಕೋರ್ಟಿಗೆ ಹೋದನು. ‘ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ’ ಎಂಬುದು ದಾವೆಯ ಹೆಸರು. ಬಿಡಿಸಿ ಹೇಳುವುದಾದರೆ, ‘ನನ್ನ ಹೆಂಡತಿಯನ್ನು ನನಗೆ ಒಪ್ಪಿಸಿಕೊಡಿ’ ಎಂಬ ಬೇಡಿಕೆ.

ನ್ಯಾಯಾಲಯದಲ್ಲಿ

ಮೊಕದ್ದಮೆ ನ್ಯಾಯಮೂರ್ತಿ ಪಿನ್ಹೆಯವರ ಮುಂದೆ ಬಂದಿತು. ದಾದಾಜಿಗೆ ಸಂಸಾರ ಸಾಕುವ ಶಕ್ತಿಯಿಲ್ಲ, ಅವನ ಆರೋಗ್ಯ ಸರಿಯಿಲ್ಲ ಎಂಬ ವಾದಗಳ ಜೊತೆಗೆ ರಖಮಾಬಾಯಿಯ ಪಕ್ಷದಿಂದ ಇನ್ನೊಂದು ಮಾತು ಎದ್ದಿತು: ತಿಳಿವಳಿಕೆ ಬಾರದ ವಯಸ್ಸಿನಲ್ಲಿ, ಆಕೆಯ ಒಪ್ಪಿಗೆಯೇ ಇಲ್ಲದೆ ನಡೆದ ಮದುವೆ ಇದು. ಬೆಳೆದ ಹೆಣ್ಣೊಬ್ಬಳನ್ನು ಅದಕ್ಕೆ ಕಟ್ಟಿಹಾಕಲಾಗದು. ಕೋರ್ಟಿನಲ್ಲಿ ಇಂಥ ಮಾತನ್ನು ಹಿಂದೂ ಹೆಂಡತಿಯೊಬ್ಬಳು ಎತ್ತಿದ್ದು ಊರನ್ನೇ ಬೆರಗುಗೊಳಿಸಿತು.

1885ರ ಸೆಪ್ಟೆಂಬರಿನಲ್ಲಿ ಪಿನ್ಹೆಯವರು ದಾವೆಯನ್ನು ವಜಾ ಮಾಡಿದರು. ಮನಸ್ಸಿಲ್ಲದ ಹೆಣ್ಣನ್ನು ಬಲವಂತವಾಗಿ ಗಂಡಿನ ವಶಕ್ಕೆ ಒಪ್ಪಿಸುವುದು ಕ್ರೌರ್ಯವೆಂದು ಅವರು ಭಾವಿಸಿದರು. ಅವರ ತೀರ್ಪಿನಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹೆಂಡತಿಯನ್ನು ಕೋರ್ಟಿನ ಮೂಲಕ ಎಳೆದುತರುವ ಈ ದಾವೆ ಹಿಂದೂ ಧರ್ಮಶಾಸ್ತ್ರದ್ದಲ್ಲ. ಇಂಗ್ಲೆಂಡಿನಿಂದ ಆಮದಾದ ವಸ್ತು. ಆ ಇಂಗ್ಲೆಂಡೇ 1884ರಲ್ಲಿ, ಇಂಥ ಆಜ್ಞೆಗೆ ಮಣಿಯದವರನ್ನು ಸೆರೆಗೆ ಹಾಕುವ ಪದ್ಧತಿಯನ್ನು ಕೈಬಿಟ್ಟಿತ್ತು! ಆದರೆ ಇಲ್ಲಿ ಗದ್ದಲವೆದ್ದದ್ದು, ನಮ್ಮ ಧರ್ಮಕ್ಕೇ ಕುತ್ತು ಬಂದಿತೆಂದು. ಬಾಲಗಂಗಾಧರ ತಿಲಕರಂಥ ಧೀಮಂತರೂ ಪಿನ್ಹೆಯವರ ತೀರ್ಪನ್ನು ವಿರೋಧಿಸಿ ಬರೆದರು. ಬೆಹ್ರಾಮಜಿ ಮಲಬಾರಿಯವರು ತಮ್ಮ ಪತ್ರಿಕೆಯ ಮೂಲಕ ರಖಮಾಬಾಯಿಯ ಬೆಂಬಲಕ್ಕೆ ನಿಂತರು. ಪಂಡಿತಾ ರಮಾಬಾಯಿ 1887ರ ತಮ್ಮ ಪುಸ್ತಕದಲ್ಲಿ ಈ ಮೊಕದ್ದಮೆಯ ಅನ್ಯಾಯವನ್ನು ಲೋಕಕ್ಕೆ ತಿಳಿಸಿದರು.

ಇದೇ 1885ರಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ ಪತ್ರಿಕೆಯಲ್ಲಿ ‘ಒಬ್ಬ ಹಿಂದೂ ಮಹಿಳೆ’ ಎಂಬ ಅಂಕಿತದಿಂದ ಬಾಲ್ಯವಿವಾಹವನ್ನೂ ವಿಧವೆಯರ ದುರವಸ್ಥೆಯನ್ನೂ ಕುರಿತ ಪತ್ರಗಳು ಪ್ರಕಟವಾದವು. ಬರೆದಾಕೆ ರಖಮಾಬಾಯಿಯೇ. ಓದಬೇಕೆಂಬ ತನ್ನ ಹಂಬಲವನ್ನು ಎಳೆಯ ವಯಸ್ಸಿನ ಮದುವೆ ಹೇಗೆ ಹೊಸಕಿಹಾಕಿತೆಂಬುದನ್ನು ಆಕೆ ಅಲ್ಲಿ ತೋಡಿಕೊಂಡಿದ್ದಳು.

ದಾದಾಜಿ ಮೇಲ್ಮನವಿ ಹಾಕಿದನು. 1886ರಲ್ಲಿ ಮುಖ್ಯ ನ್ಯಾಯಾಧೀಶ ಸಾರ್ಜೆಂಟ್ ಮತ್ತು ಅವರ ಸಹೋದ್ಯೋಗಿ ಪಿನ್ಹೆಯವರ ತೀರ್ಪನ್ನು ತಳ್ಳಿಹಾಕಿ ಮೊಕದ್ದಮೆಯನ್ನು ಮರುವಿಚಾರಣೆಗೆ ಕಳುಹಿಸಿದರು. 1887ರ ಮಾರ್ಚ್ ತಿಂಗಳಲ್ಲಿ ನ್ಯಾಯಮೂರ್ತಿ ಫ್ಯಾರನ್ನರ ಆಜ್ಞೆ ಹೊರಟಿತು: ರಖಮಾಬಾಯಿ ಒಂದು ತಿಂಗಳೊಳಗಾಗಿ ಗಂಡನ ಮನೆಗೆ ಹೋಗತಕ್ಕದ್ದು, ತಪ್ಪಿದರೆ ಆರು ತಿಂಗಳ ಸೆರೆವಾಸ.

ಗಂಡನ ಮನೆಗೆ ಹೋಗುವುದಕ್ಕಿಂತ ಸೆರೆಮನೆಗೆ ಹೋಗುವುದೇ ಲೇಸೆಂದು ರಖಮಾಬಾಯಿ ತಿಳಿಸಿದಳು. ಆಗ ಆಕೆಗೆ ಇಪ್ಪತ್ತೆರಡು ವರ್ಷ. ಕೈಹಿಡಿದು ನಡೆಸಿದ್ದ ಮಲತಂದೆ ಸಖಾರಾಮರು 1885ರಲ್ಲೇ ಗತಿಸಿದ್ದರು.

ಸೋತು ಗೆದ್ದವಳು

ಸೆರೆಮನೆಯ ಬಾಗಿಲು ತೆರೆಯಲಿಲ್ಲ. 1888ರಲ್ಲಿ ರಾಜಿಯಾಯಿತು. ಎರಡು ಸಾವಿರ ರೂಪಾಯಿ ಪಡೆದು ದಾದಾಜಿ ತನ್ನ ಹಕ್ಕನ್ನು ಬಿಟ್ಟುಕೊಟ್ಟನು. ನ್ಯಾಯ ದೊರೆಯಲಿಲ್ಲ, ಬಿಡುಗಡೆಯನ್ನು ಹಣ ಕೊಟ್ಟು ಕೊಳ್ಳಬೇಕಾಯಿತು.

ಆ ಬಿಡುಗಡೆಯನ್ನು ಆಕೆ ವ್ಯರ್ಥಮಾಡಲಿಲ್ಲ. ಮುಂಬಯಿಯ ಕಾಮಾ ಆಸ್ಪತ್ರೆಯ ಡಾಕ್ಟರ್ ಎಡಿತ್ ಪೀಚೀ ಮೊದಲಾದವರ ಪ್ರೋತ್ಸಾಹದಿಂದ 1889ರಲ್ಲಿ ಇಂಗ್ಲೆಂಡಿಗೆ ತೆರಳಿ, ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಯನ್ನು ಸೇರಿದಳು. 1894ರಲ್ಲಿ ವೈದ್ಯಳಾಗಿ ತೇರ್ಗಡೆ ಹೊಂದಿದಳು. ಕಾಕತಾಳೀಯವೆಂಬಂತೆ ಅದೇ ವರ್ಷ ನಮ್ಮ ಮೈಸೂರು ಸಂಸ್ಥಾನ, ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸುವ ಶಾಸನವನ್ನು ಹೊರಡಿಸಿತು. ರಖಮಾಬಾಯಿ ಸ್ವದೇಶಕ್ಕೆ ಹಿಂದಿರುಗಿ ಸೂರತ್ತಿನಲ್ಲೂ ಆಮೇಲೆ ರಾಜಕೋಟೆಯಲ್ಲೂ ಹೆಂಗಸರ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ದುಡಿದಳು. ತೊಂಬತ್ತು ವರ್ಷ ಬಾಳಿ, 1955ರ ಸೆಪ್ಟೆಂಬರ್ 25ರಂದು ಕಣ್ಮುಚ್ಚಿದಳು.

ಕಾನೂನು ಹೊಸ್ತಿಲು ದಾಟಿದ ಬಗೆ

ವಾಚಕರು ಕೇಳಬಹುದು: ಈ ಕಥೆಯಲ್ಲಿ ರಖಮಾಬಾಯಿಯನ್ನು ಹೊಡೆದ ಪ್ರಸಂಗವೇ ಇಲ್ಲ, ಇದಕ್ಕೂ ವಠಾರದ ಆ ರಾತ್ರಿಗೂ ಏನು ಸಂಬಂಧ? ಬೇರು ಒಂದೇ. ತಾಳಿ ಕಟ್ಟಿದೊಡನೆ ಹೆಣ್ಣಿನ ದೇಹವೂ ಮನಸ್ಸೂ ಕಟ್ಟಿದವನ ಸೊತ್ತಾಗುತ್ತವೆಂಬ ನಂಬಿಕೆಯೇ ಆ ಬೇರು. ಸೊತ್ತೆಂದ ಮೇಲೆ ಕೋರ್ಟಿನಿಂದ ಎಳೆದು ತರಿಸಲೂಬಹುದು, ಅಡಿಗೆಮನೆಯಲ್ಲಿ ಕೈಮಾಡಲೂಬಹುದು, ಹೊರಗಿನವರು ಕೇಳತಕ್ಕದ್ದಲ್ಲ.

ಆ ನಂಬಿಕೆಯ ಬೆಲೆಯನ್ನು ಕಲ್ಕತ್ತೆಯ ಫೂಲ್ಮಣಿ ಎಂಬ ಹುಡುಗಿ ಪ್ರಾಣದಿಂದ ತೆತ್ತಳು. ಹನ್ನೊಂದರ ಆಸುಪಾಸಿನ ಆ ಬಾಲೆ, ಮೂವತ್ತು ದಾಟಿದ ಗಂಡನ ಬಲಾತ್ಕಾರದಿಂದ ರಕ್ತಸ್ರಾವವಾಗಿ ಸತ್ತಳು. 1890ರಲ್ಲಿ ನ್ಯಾಯಾಲಯ ಅವನಿಗೆ ವಿಧಿಸಿದ್ದು ಒಂದು ವರ್ಷದ ಕಠಿಣ ಶಿಕ್ಷೆ. ಹೆಂಡತಿಗೆ ಹತ್ತು ವರ್ಷ ತುಂಬಿದ್ದರೆ ಅದು ಅತ್ಯಾಚಾರವಲ್ಲವೆಂದು ಅಂದಿನ ದಂಡಸಂಹಿತೆ ಹೇಳುತ್ತಿತ್ತು. ರಖಮಾಬಾಯಿಯ ಮೊಕದ್ದಮೆ ಎಬ್ಬಿಸಿದ ಚರ್ಚೆಗೆ ಫೂಲ್ಮಣಿಯ ಸಾವೂ ಸೇರಿ, 1891ರಲ್ಲಿ ಆ ವಯೋಮಿತಿ ಹನ್ನೆರಡಕ್ಕೆ ಏರಿತು. ಎರಡು ವರ್ಷದ ಈ ಏರಿಕೆಗಾಗಿ ದೇಶವೆಲ್ಲ ಕಿತ್ತಾಡಿತೆಂಬುದನ್ನು ಇಂದು ನೆನೆದರೆ ಮೈ ನಡುಗುತ್ತದೆ. ಆ ಮಿತಿ ಹದಿನೆಂಟಕ್ಕೆ ತಲಪಲು 2017ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನವರೆಗೆ ಕಾಯಬೇಕಾಯಿತು.

ಗಂಡನ ಮನೆಗೆ ಹೋಗದವಳಿಗೆ ಸೆರೆವಾಸವೆಂಬ ನಿಯಮ 1923ರಲ್ಲಿ ರದ್ದಾಯಿತು. ಆದರೆ ದಾವೆ ಅಳಿಯಲಿಲ್ಲ. ರಖಮಾಬಾಯಿ ತೀರಿಕೊಳ್ಳುವ ನಾಲ್ಕು ತಿಂಗಳ ಮುಂಚೆ ಜಾರಿಗೆ ಬಂದ 1955ರ ಹಿಂದೂ ವಿವಾಹ ಕಾಯಿದೆ, ಬಹುಪತ್ನೀತ್ವವನ್ನು ನಿಷೇಧಿಸಿ ವಿಚ್ಛೇದನದ ದಾರಿಯನ್ನು ತೆರೆದರೂ, ತನ್ನ ಒಂಬತ್ತನೆಯ ಕಲಮಿನಲ್ಲಿ ಅದೇ ‘ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ’ಯನ್ನು ಉಳಿಸಿಕೊಂಡಿತು. 1983ರಲ್ಲಿ ಆಂಧ್ರ ಪ್ರದೇಶದ ಹೈಕೋರ್ಟು ಇದು ಹೆಣ್ಣಿನ ದೇಹಸ್ವಾತಂತ್ರ್ಯಕ್ಕೆ ವಿರುದ್ಧವೆಂದು ತಳ್ಳಿಹಾಕಿತು. ಮರುವರ್ಷವೇ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಈ ನಡುವೆ ಕಾನೂನು ಮೆಲ್ಲಮೆಲ್ಲನೆ ಮನೆಯ ಹೊಸ್ತಿಲು ದಾಟಿತು. 1961ರಲ್ಲಿ ವರದಕ್ಷಿಣೆ ನಿಷೇಧವಾಯಿತು. ಸೊಸೆಯಂದಿರು ಬೆಂಕಿಗೆ ಆಹುತಿಯಾಗುತ್ತಿದ್ದುದನ್ನು ಕಂಡು ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲೆ, 1983ರಲ್ಲಿ ಗಂಡನ ಮತ್ತು ಅವನ ಬಂಧುಗಳ ಕ್ರೌರ್ಯ ದಂಡನೀಯ ಅಪರಾಧವಾಯಿತು. 1986ರಲ್ಲಿ ವರದಕ್ಷಿಣೆ ಸಾವಿಗೆ ಪ್ರತ್ಯೇಕ ಕಲಮು ಬಂದಿತು. 2005ರಲ್ಲಿ ಅಂಗೀಕೃತವಾಗಿ ಮರುವರ್ಷ ಜಾರಿಗೆ ಬಂದ ಕೌಟುಂಬಿಕ ಹಿಂಸೆಯ ಕಾಯಿದೆಯಂತೂ ಹೊಡೆತ, ಹೀಯಾಳಿಕೆ, ಲೈಂಗಿಕ ಪೀಡನೆ, ಹಣವಿಲ್ಲದಂತೆ ಮಾಡುವುದು ಎಲ್ಲವನ್ನೂ ಹಿಂಸೆಯೆಂದೇ ಗುರುತಿಸಿತು. ಮನೆಯ ಪತ್ರ ಯಾರ ಹೆಸರಿನಲ್ಲಿದ್ದರೂ, ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಂಡತಿಗುಂಟೆಂದು ಸಾರಿತು. ‘ನನ್ನ ಮನೆಯಿಂದ ಹೊರಡು’ ಎಂಬ ಗದರಿಕೆಗೆ ಕಾನೂನು ಕೊಟ್ಟ ಉತ್ತರವಿದು.

ಆದರೂ ಒಂದು ಬಾಗಿಲು ಇನ್ನೂ ಪೂರ್ತಿ ತೆರೆದಿಲ್ಲ. ಒಪ್ಪದ ಹೆಂಡತಿಯ ಮೇಲೆ ಗಂಡ ನಡೆಸುವ ಬಲಾತ್ಕಾರವನ್ನು ಅತ್ಯಾಚಾರವೆನ್ನಲಾಗದೆಂಬ ವಿನಾಯಿತಿ, 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದು ಬಂದಿತು. 2022ರ ಮಾರ್ಚಿಯಲ್ಲಿ ನಮ್ಮ ಕರ್ನಾಟಕ ಹೈಕೋರ್ಟು, ಗಂಡನೊಬ್ಬನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಮಾಡಲು ನಿರಾಕರಿಸಿತು. ಅದೇ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಚಾರಣೆಗೆ ತಡೆ ನೀಡಿತು. ರಖಮಾಬಾಯಿ ಎತ್ತಿದ ಪ್ರಶ್ನೆ ಇನ್ನೂ ಕೋರ್ಟಿನ ಮೆಟ್ಟಿಲ ಮೇಲೆಯೇ ನಿಂತಿದೆ.

ಬಾಗಿಲು ತಟ್ಟುವ ಕೈ

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 29 ಮಂದಿ ಗಂಡನಿಂದ ಹಿಂಸೆ ಅನುಭವಿಸಿದುದಾಗಿ ಹೇಳಿದರು. ಕರ್ನಾಟಕದಲ್ಲಿ ಆ ಸಂಖ್ಯೆ ನೂರಕ್ಕೆ 44. ಶರಣರ, ದಾಸರ ನಾಡೆಂದು ಹೆಮ್ಮೆಪಡುವ ನಾವು ತಲೆ ತಗ್ಗಿಸಬೇಕಾದ ಅಂಕಿ ಇದು. ಆ 44ರಲ್ಲಿ ನಮ್ಮ ಬೀದಿಯವರಿಲ್ಲ, ನಮ್ಮ ಬಂಧುಗಳಿಲ್ಲ ಎಂದು ಯಾರು ಆಣೆಯಿಟ್ಟು ಹೇಳಬಲ್ಲರು?

2005ರ ಕಾಯಿದೆಯಲ್ಲಿ ಹೆಚ್ಚು ಮಂದಿಯ ಕಣ್ಣಿಗೆ ಬೀಳದ ಒಂದು ಕಲಮಿದೆ. ಒಂದು ಮನೆಯಲ್ಲಿ ಹೆಣ್ಣಿನ ಮೇಲೆ ಹಿಂಸೆ ನಡೆಯುತ್ತಿದೆಯೆಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬೀಳದು. ಅಂದರೆ ನೆರೆಮನೆಯವನೂ ತಿಳಿಸಬಹುದು. 181 ಎಂಬ ಮಹಿಳಾ ಸಹಾಯವಾಣಿಗೆ ಕರೆ ಮಾಡಲು ಅರ್ಧ ನಿಮಿಷ ಸಾಕು. ಅಷ್ಟಕ್ಕೂ ಧೈರ್ಯ ಸಾಲದಿದ್ದರೆ, ಸಕ್ಕರೆ ಕೇಳುವ ನೆಪದಲ್ಲಾದರೂ ಹೋಗಿ ಬಾಗಿಲು ತಟ್ಟಬಹುದು. ಎತ್ತಿದ ಕೈ ಆ ಸದ್ದಿಗೆ ಒಮ್ಮೊಮ್ಮೆ ಕೆಳಗಿಳಿಯುತ್ತದೆ.

ಆ ರಾತ್ರಿ ನಾನು ವಠಾರದಲ್ಲಿದ್ದಾಗ ಈ ಕಾಯಿದೆ ಜಾರಿಯಲ್ಲಿತ್ತು. ನನಗೆ ಅದರ ಅರಿವಿರಲಿಲ್ಲ. ಇದ್ದಿದ್ದರೂ ಅಗುಳಿಯಿಂದ ಆಚೆಗೆ ಹೋಗುತ್ತಿದ್ದೆನೋ ಇಲ್ಲವೋ, ಎದೆ ಮುಟ್ಟಿ ಹೇಳಲಾರೆ. ಆ ಹೆಣ್ಣುಮಗಳು ಈಗ ಎಲ್ಲಿದ್ದಾಳೋ ತಿಳಿಯದು. ಆಕೆಯ ಪಕ್ಕದ ಮನೆಯಲ್ಲಿ ಇಂದು ಯಾರಿದ್ದಾರೋ, ಅವರು ನನಗಿಂತ ಒಳ್ಳೆಯ ನೆರೆಯವರಾಗಿರಲಿ.