ಒಲೆ ಉಸಿರಾಡಲಿ

ಅಕ್ಕ, ನಿಮ್ಮ ಮನೆಯಲ್ಲಿ ಅಸ್ತ್ರ ಒಲೆ ಇದೆಯಾ? ಅದು ಹೊಗೆ ಉಗುಳುತ್ತಿದೆಯಾ? "ಹಳೇದಾಯ್ತು, ಕೆಡವಿ ಹಾಕೋಣ" ಅನ್ನಬೇಡಿ. ಹೆಚ್ಚಾಗಿ ಒಲೆ ಕೆಟ್ಟಿರುವುದಿಲ್ಲ, ಕಟ್ಟಿಕೊಂಡಿರುತ್ತದೆ.

ಇದು ಎಲ್ಲಿಯ ಒಲೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನವನ್ನು ಹುಡುಕುವುದು ಅದರ ಕೆಲಸ. ನಮ್ಮ ತುಮಕೂರು ಜಿಲ್ಲೆಯದೇ ಆದ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಹಳ್ಳಿ ಕೇಂದ್ರವಿತ್ತು. ಆ ವಿಭಾಗದವರು ಮಾಡಿದ ಒಲೆಯೇ ಅಸ್ತ್ರ ಒಲೆ. ಸರ್ಕಾರದ ಸುಧಾರಿತ ಒಲೆ ಯೋಜನೆ 2002ರಲ್ಲಿ ನಿಂತಿತು. ಈಗ ಒಲೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.

ಹೇಗೆ ಉರಿಯುತ್ತದೆ?

ಮೂರು ಕಲ್ಲಿನ ಒಲೆಯಲ್ಲಿ ಹತ್ತು ಪಾಲು ಶಾಖದಲ್ಲಿ ಒಂದೋ ಎರಡೋ ಪಾಲು ಪಾತ್ರೆಗೆ ತಾಗುತ್ತದೆ. ಉಳಿದದ್ದು ಗಾಳಿಪಾಲು. ಅಸ್ತ್ರ ಒಲೆಯಲ್ಲಿ ಬೆಂಕಿ ಒಳಗೇ ಇರುತ್ತದೆ. ಕೆಳಗಿನ ಕಬ್ಬಿಣದ ಜಾಲರಿಯಿಂದ ಗಾಳಿ ಒಳಗೆ ಬರುತ್ತದೆ. ಬೆಂಕಿ ಮೊದಲ ಪಾತ್ರೆಗೆ ತಾಗುತ್ತದೆ. ಅದೇ ಬಿಸಿ ಎರಡನೇ, ಮೂರನೇ ಪಾತ್ರೆಯ ಕೆಳಗೂ ಹಾಯುತ್ತದೆ. ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತದೆ.

ಹಾಗಾಗಿ ಒಲೆಗೆ ಎರಡು ದಾರಿ ಬೇಕು. ಕೆಳಗೆ ಗಾಳಿ ದಾರಿ. ಮೇಲೆ ಹೊಗೆ ದಾರಿ. ಒಂದು ಮುಚ್ಚಿದರೂ ಹೊಗೆ ಮನೆಯೊಳಗೆ ತಿರುಗುತ್ತದೆ. ಆ ಹೊಗೆ ಕಣ್ಣಿಗೆ, ಎದೆಗೆ ಕೆಡುಕು. ಬಸುರಿಗೂ ಎಳೆ ಮಕ್ಕಳಿಗೂ ಇನ್ನೂ ಕೆಡುಕು.

ಪರೀಕ್ಷೆ ಮಾಡಿ

ಸೌದೆ ಹಾಕುವ ಬಾಯಿಯ ಹತ್ತಿರ ಒಂದು ಊದುಬತ್ತಿ ಹಿಡಿಯಿರಿ. ಅದರ ಹೊಗೆ ಒಳಗೆ ಎಳೆದುಕೊಂಡರೆ ದಾರಿ ಸರಿಯಿದೆ. ಈಚೆ ಬಂದರೆ ಎಲ್ಲೋ ಕಟ್ಟಿದೆ.

ಏನು ಮಾಡಬೇಕು?

1. ದಿನವೂ ಒಲೆ ಹಚ್ಚುವ ಮೊದಲು ಜಾಲರಿಯ ಕೆಳಗಿನ ಬೂದಿ ತೆಗೆಯಿರಿ.

2. ತಿಂಗಳಿಗೊಮ್ಮೆ ಕೊಳವೆಯ ಮಸಿ ಕೆಡವಿ. ಒಲೆ ಪೂರ್ತಿ ತಣ್ಣಗಿರಬೇಕು. ಹಗ್ಗಕ್ಕೆ ಗೋಣಿ ಚಿಂದಿ ಕಟ್ಟಿ ಕೊಳವೆಯೊಳಗೆ ಎಳೆದಾಡಿ. ಬಿಟ್ಟ ಮಸಿಗೆ ಬೆಂಕಿ ಹತ್ತಬಹುದು. ಗರಿ ಹೊದಿಸಿದ ಮನೆಗೆ ಇದು ದೊಡ್ಡ ಅಪಾಯ.

3. ಹಳೆಯ ಸಿಮೆಂಟ್ ಕೊಳವೆಯಲ್ಲಿ ಕಲ್ನಾರು ಇರಬಹುದು. ಅದನ್ನು ಕೊಯ್ಯಬೇಡಿ, ಒಡೆಯಬೇಡಿ. ಅದರ ಧೂಳು ಎದೆಗೆ ಹೋಗಬಾರದು.

4. ಮೂರು ಬಾಯಿಗೂ ಪಾತ್ರೆ ಇಡಿ. ಮೊದಲನೆಯದರಲ್ಲಿ ಮುದ್ದೆಯ ಎಸರು, ಎರಡನೆಯದರಲ್ಲಿ ಸಾರು, ಮೂರನೆಯದರಲ್ಲಿ ನೀರು. ಸಂದು ಬಿಡಬೇಡಿ.

5. ಒಣ ಸೌದೆ ಸಣ್ಣಗೆ ಸೀಳಿ, ಸ್ವಲ್ಪ ಸ್ವಲ್ಪವೇ ಹಾಕಿ. ಹಸಿ ಸೌದೆಯ ಶಾಖ ನೀರು ಆರಿಸುವುದಕ್ಕೇ ಹೋಗುತ್ತದೆ. ಮಳೆಗೆ ಮುಂಚೆಯೇ ಸೌದೆ ಒಳಗಿಡಿ. ಪ್ಲಾಸ್ಟಿಕ್ ಹಾಕಲೇಬೇಡಿ.

ಎಚ್ಚರ!

ಉರಿಯುವ ಒಲೆಗೆ, ಕೆಂಡಕ್ಕೆ ಸೀಮೆಎಣ್ಣೆ ಸುರಿಯಬೇಡಿ. ಸೆರಗು ಬಿಗಿಯಾಗಿ ಸಿಕ್ಕಿಸಿಕೊಳ್ಳಿ. ಮಗುವನ್ನು ಒಲೆ ಹತ್ತಿರ ಬಿಡಬೇಡಿ. ಚಳಿ ಅಂತ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಬೇಡಿ. ಕೆಂಡದಿಂದ ವಾಸನೆಯಿಲ್ಲದ ವಿಷಗಾಳಿ ಬರುತ್ತದೆ. ಬೂದಿಗೆ ನೀರು ಚಿಮುಕಿಸಿ, ಆಮೇಲೆ ತಿಪ್ಪೆಗೆ ಹಾಕಿ. ಒಂದು ಕೆಂಡ ಉಳಿದರೂ ಹುಲ್ಲಿನ ಬಣವೆ ಹೋದೀತು.

ಮೈ ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಹುಯ್ಯಿರಿ. ಪೇಸ್ಟು, ಶಾಯಿ ಹಚ್ಚಬೇಡಿ. ಹೆಚ್ಚು ಸುಟ್ಟಿದ್ದರೆ 108ಕ್ಕೆ ಫೋನ್ ಮಾಡಿ.

ಓದಿ, ಮಾತಾಡಿ

ಒಲೆಗೆ ಬೇಕಾದ ಎರಡು ದಾರಿ ಯಾವುವು?
ನಿಮ್ಮ ಮನೆಯ ಕೊಳವೆಯ ಮಸಿ ತೆಗೆದು ಎಷ್ಟು ದಿನವಾಯಿತು?
ಕೊಳವೆ ಏರಿ ಮಸಿ ತೆಗೆಯುವ ಕೆಲಸ ಹೆಂಗಸರದ್ದು ಮಾತ್ರವೇ? ಮನೆಯವರನ್ನೂ ಕೇಳಿ.