ಕಾಸು ಕೊಟ್ಟು ಪಡೆಯುವ ಅಂಕ

ನನ್ನ ತಂಗಿಯ ಮಗ ಒಂದು ಚಿತ್ರಕಥೆ ಬರೆದಿದ್ದಾನೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಕತೆ ಮಾತ್ರ ಇಂಗ್ಲಿಷಿನಲ್ಲಿ! “ಮಾವ, ಅಮೆರಿಕದವರು ಓದಿ ಹತ್ತಕ್ಕೆ ಇಷ್ಟು ಅಂಕವೆಂದು ಕೊಡುತ್ತಾರೆ. ಶುಲ್ಕ ಕಟ್ಟಬೇಕು” ಎಂದ. ಹಣ ಕೊಡುವ ಮೊದಲು ಆ ಅಂಕದ ಬೆಲೆ ಏನೆಂದು ವಿಚಾರಿಸಿದೆ. ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

2005ರಲ್ಲಿ ಹಾಲಿವುಡ್ಡಿನ ಫ್ರಾಂಕ್ಲಿನ್ ಲಿಯೊನಾರ್ಡ್ ಎಂಬವರು ಚಿತ್ರೋದ್ಯಮದ ಪರಿಚಿತರನ್ನು ಕೇಳಿದರು: ನೀವು ಓದಿದ, ಇನ್ನೂ ಸಿನಿಮಾ ಆಗದ ಚಿತ್ರಕಥೆಗಳಲ್ಲಿ ಮೆಚ್ಚಿದ್ದು ಯಾವುದು? ಉತ್ತರಗಳ ಪಟ್ಟಿಯೇ ‘ಬ್ಲ್ಯಾಕ್ ಲಿಸ್ಟ್’. ಮುಂದೆ ಚಿತ್ರಕಥೆಗೆ ಆಸ್ಕರ್ ಗೆದ್ದ ‘ಜೂನೋ’ ಆ ಪಟ್ಟಿಯಲ್ಲಿತ್ತು. ಅದಕ್ಕೆ ಲೇಖಕ ಕಾಸು ಕಟ್ಟಬೇಕಿರಲಿಲ್ಲ. 2012ರಲ್ಲಿ ಅದೇ ಹೆಸರಿನ ಅಂತರಜಾಲ ಸೇವೆ ಬಂತು. ಕತೆ ಇಡಲು ತಿಂಗಳಿಗೆ 25 ಡಾಲರ್, ಓದಿಸಲು 50 ಡಾಲರ್. ಆಮೇಲೆ ದರ ಏರಿತು. ಓದಿದವರ ಹೆಸರು ಲೇಖಕನಿಗೆ ತಿಳಿಸುವುದಿಲ್ಲ. 8 ಅಂಕ ಬಂದರೆ ಆ ಕತೆಯನ್ನು ಉದ್ಯಮದವರ ಗಮನಕ್ಕೆ ತರುತ್ತಾರೆ.

ಇದು ನ್ಯಾಯವೇ?

ನಾನಿದ್ದ ಬ್ಯಾಂಕಿಗೆ ಅಡವಿಗೆ ಬಂದ ಚಿನ್ನವನ್ನು ಅಪ್ರೈಸರ್ ಒರೆಗಲ್ಲಿಗೆ ತಿಕ್ಕಿ ನೋಡುತ್ತಿದ್ದ. ಅವನ ಶುಲ್ಕ ಸಾಲಗಾರನದ್ದೇ. ಆದರೂ ಯಾರೂ ತಕರಾರು ಮಾಡುತ್ತಿರಲಿಲ್ಲ. ಕಾಸು ಯಾರದ್ದೆಂದು ಕಲ್ಲಿಗೆ ಗೊತ್ತಿಲ್ಲ. ಇನ್ನೊಬ್ಬ ತಿಕ್ಕಿದರೂ ಗೆರೆ ಅದೇ. ಕತೆಗೆ ಅಂಥ ಕಲ್ಲಿಲ್ಲ. ಒಂದೇ ಕತೆಗೆ ಒಬ್ಬರು 8, ಇನ್ನೊಬ್ಬರು 4 ಕೊಟ್ಟರೆ ಅದನ್ನು ಮೋಸ ಎನ್ನಲಾಗದು. ರುಚಿ ಬೇರೆ, ಅಷ್ಟೆ.

ಸರಾಸರಿಯನ್ನೂ ಪೂರ್ತಿ ನಂಬಬೇಡಿ. ಒಂದು ಕತೆಗೆ 9, 6, 3. ಇನ್ನೊಂದಕ್ಕೆ 6, 6, 6. ಎರಡರ ಸರಾಸರಿಯೂ ಆರೇ. ಆದರೆ ಮೊದಲನೆಯದನ್ನು ಒಬ್ಬರು ಮನಸಾರೆ ಮೆಚ್ಚಿದ್ದಾರೆ. ಸಿನಿಮಾ ತೆಗೆಯಲು ಅಂಥ ಒಬ್ಬ ನಿರ್ಮಾಪಕ ಸಿಕ್ಕರೆ ಸಾಕಲ್ಲವೇ?

ನನಗೆ ಕಂಡ ನಿಜವಾದ ಅನ್ಯಾಯ ಬೇರೆ. ಅಂಕ ಕಡಿಮೆ ಬಂದವನು ಮತ್ತೆ ಶುಲ್ಕ ಕಟ್ಟಿ ಓದಿಸಬಹುದು. ಹಣವಿದ್ದವನು 8 ಬರುವ ತನಕ ಕಟ್ಟುತ್ತಾನೆ. ನಮ್ಮ ಹುಡುಗರಿಗೆ ಸಿಗುವುದು ಒಂದೇ ಒರೆ. ಆಸ್ಕರ್ ಕೊಡುವ ಅಕಾಡೆಮಿಯೂ ಹೊಸ ಲೇಖಕರ ‘ನಿಕೋಲ್ ಫೆಲೋಶಿಪ್’ಗೆ ನೇರವಾಗಿ ಅರ್ಜಿ ಪಡೆಯುವುದನ್ನು 2025ರಲ್ಲಿ ನಿಲ್ಲಿಸಿತು, ವಿಶ್ವವಿದ್ಯಾಲಯಗಳು ಮತ್ತು ಬ್ಲ್ಯಾಕ್ ಲಿಸ್ಟ್‌ನಂಥ ಸಂಸ್ಥೆಗಳ ಮೂಲಕವೇ ಹೋಗಬೇಕೆಂದಾಯಿತು. ಹಾಗಾಗಿ ಈ ಪ್ರಶ್ನೆಯ ತೂಕ ಇನ್ನೂ ಹೆಚ್ಚಿತು.

ನಿಮ್ಮ ಮನೆಯಲ್ಲೂ ಬರೆಯುವ ಮಕ್ಕಳಿದ್ದರೆ ಇಷ್ಟು ಹೇಳಿ. ಮೊದಲು ಕಾಸು ಕೇಳದೆ ಓದುವ ನಾಲ್ಕು ಮಂದಿಗೆ ಕೊಡಲಿ. ಕಳಿಸುವ ಮುಂಚೆ ಮುಂಬಯಿಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ನಿನ ಸದಸ್ಯರಾಗಿ ಕತೆ ನೋಂದಾಯಿಸಿದರೆ ತಾರೀಖಿನ ಪುರಾವೆ ಉಳಿಯುತ್ತದೆ. ಎಷ್ಟು ಖರ್ಚು ಮಾಡುವುದೆಂದು ಮೊದಲೇ ಗೆರೆ ಎಳೆಯಲಿ. ಅಂಕ ಬಂದ ಮೇಲೆ ಸಂಖ್ಯೆ ಬಿಟ್ಟು ಟಿಪ್ಪಣಿ ಓದಲಿ. ಇಬ್ಬರೂ ಒಂದೇ ಪುಟದಲ್ಲಿ ಎಡವಿದ್ದರೆ ಆ ಪುಟ ತಿದ್ದಬೇಕು. ಕತೆಯಲ್ಲಿ ಇಲ್ಲದ್ದನ್ನು ಟಿಪ್ಪಣಿಯಲ್ಲಿ ಬರೆದಿದ್ದರೆ, ಓದದೆ ಬರೆದಿದ್ದಾರೆಂದು ದೂರು ಕೊಡಬೇಕು.

ಅಳಿಯನಿಗೆ ಎರಡು ಓದಿನ ಹಣ ಕೊಟ್ಟೆ. ಮೂರನೆಯದಕ್ಕೆ ನನ್ನ ಪಿಂಚಣಿ ಮುಟ್ಟಬೇಡ ಎಂದೂ ಹೇಳಿದೆ.